ಉಡಿ ತುಂಬಿಸಿಕೊಂಡು ಊರಲ್ಲೇ ಉಳಿದದ್ದು

ಸದ್ದಿಲ್ಲದೆ ಊರು ಬಿಡುವ ಕಲೆ ನಮ್ಮ ಕಡೆಯವರಿಗೆ ಒಲಿದಿಲ್ಲ. ಬೇರೆ ಊರುಗಳಲ್ಲಿ ಜನ ಬ್ಯಾಗು ಹೆಗಲಿಗೇರಿಸಿ, ಬಾಗಿಲಿಗೆ ಬೀಗ ಜಡಿದು ಹೋಗಿಬಿಡುತ್ತಾರಂತೆ. ಕಲಬುರಗಿಯ ಶಹಾಬಜಾರದಲ್ಲಿ ಹಾಗೆ ಹೋದರೆ ಗಂಡ ಹೆಂಡತಿಗೆ ಜಗಳವಾಗಿದೆ ಎಂದೇ ಅರ್ಥ. ಇಲ್ಲಿ ದೂರ ಹೊರಡುವವರು ನಾಲ್ಕು ಮನೆಯಲ್ಲಿ ಉಣ್ಣಬೇಕು, ಹೆಣ್ಣುಮಕ್ಕಳಾದರೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿಸಿಕೊಳ್ಳಬೇಕು, ಹಿರಿಯರ ಕಾಲಿಗೆ ಬೀಳಬೇಕು, ದಾರಿಗೆಂದು ಬುತ್ತಿ ಕಟ್ಟಿಸಿಕೊಳ್ಳಬೇಕು. ಇದೆಲ್ಲ ಆದ ಮೇಲೆ ಹೋಗಲೇಬೇಕು. ಈ ಕೊನೆಯ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಅದನ್ನು ಮುರಿದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಈಗ ಒಬ್ಬಳಿದ್ದಾಳೆ. ಇಡೀ ಓಣಿ ಉಡಿ ತುಂಬಿ, ಹಾರ ಹಾಕಿ, ಕಣ್ಣೀರಿಟ್ಟು ಕಳಿಸಿಕೊಟ್ಟ ಮೇಲೂ ಊರು ಬಿಡದೆ ಉಳಿದವಳು ನಾನು, ಮಹಾದೇವಿ.

ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದು ಬಹಳವೇನಿಲ್ಲ. ಖಜಾನೆ ಕಚೇರಿಯ ಪಿಂಚಣಿ ವಿಭಾಗದಲ್ಲಿ ನೌಕರಿ ಮಾಡಿ ಹೋದ ವರ್ಷ ನಿವೃತ್ತಳಾದೆ. ವರ್ಷಕ್ಕೊಮ್ಮೆ ಪಿಂಚಣಿದಾರರು ಬಂದು ತಾವಿನ್ನೂ ಬದುಕಿದ್ದೇವೆ ಎಂದು ನನ್ನ ಮೇಜಿನ ಮುಂದೆ ರುಜುವಾತು ಮಾಡಿ ಹೋಗಬೇಕಿತ್ತು. ಎಪ್ಪತ್ತು ದಾಟಿದ ಮಾಸ್ತರರು, ಕಾಂಪೌಂಡರರು ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಮದುವೆಗೆ ಬಂದಂತೆ ಬರುತ್ತಿದ್ದರು. 'ಹ್ಯಾಂಗ ಅದೀರಿ ಸರ್?' ಎಂದು ಕೇಳಿದರೆ ಸಾಕು, ಅಲ್ಲೇ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಸಹಿ ಹಾಕಿ ಕೊಟ್ಟ ಮೇಲೂ ಏಳುತ್ತಿರಲಿಲ್ಲ. ಇವರಿಗೆ ಮನೆಯಲ್ಲಿ ಮಾಡಲು ಕೆಲಸವಿಲ್ಲವೇ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ಈ ಮಾತು ಇಲ್ಲೇಕೆ ಬಂತು ಎಂದರೆ, ಮುಂದೆ ಇದು ನನ್ನ ಕಾಲಿಗೇ ಸುತ್ತಿಕೊಂಡಿತು.

ನಮ್ಮ ಮನೆ ಓಣಿಯ ನಡುವೆ ಇದೆ. ಎಡಕ್ಕೆ ನೀಲಮ್ಮ ಕಾಕು, ಎದುರಿಗೆ ರಾಬಿಯಾ ಆಪಾ. ಬಾಗಿಲಿಗೆ ಚಿಲಕ ಇದೆಯೇ ಹೊರತು ಹಗಲು ಹೊತ್ತು ಅದನ್ನು ಹಾಕುವ ಪದ್ಧತಿ ಇಲ್ಲ. ಕಾಕುಗೆ ಎಂಬತ್ತರ ಹತ್ತಿರ ವಯಸ್ಸು. ದಿನಕ್ಕೆ ಎಷ್ಟು ಸಲ ಬರುತ್ತಾರೆ ಎಂದು ನಾನು ಎಣಿಸಲು ಹೋಗಿಲ್ಲ. ಬಂದವರು 'ಏನ್ ಮಾಡ್ಲಾಕತ್ತಿ?' ಎಂದು ಕೇಳುತ್ತ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಪುಂಡಿಪಲ್ಯ ಇದ್ದರೆ 'ನಿನ್ನೀನೂ ಇದೇ ಇತ್ತಲ್ಲ' ಎನ್ನುತ್ತಾರೆ. ಬದನೆಕಾಯಿ ಇದ್ದರೆ ನಮ್ಮವರ ಮೊಣಕಾಲು ನೋವಿನ ಮಾತು ತೆಗೆಯುತ್ತಾರೆ. ಅವರು ಹೋದ ಮೇಲೆ ಆಪಾ ಬಂದು, ಕಾಕು ಏನು ಹೇಳಿ ಹೋದರು ಎಂದು ಕೇಳುತ್ತಾರೆ. ಇಬ್ಬರೂ ನನ್ನ ಮೇಲೆ ಜೀವ ಇಟ್ಟವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೌಕರಿ ಇದ್ದಾಗ ಸಂಜೆ ಮಾತ್ರ ಸಿಗುತ್ತಿದ್ದ ಈ ಪ್ರೀತಿ, ನಿವೃತ್ತಿಯಾದ ಮೇಲೆ ಇಡೀ ದಿನ ಸಿಗತೊಡಗಿತು. ಪುಸ್ತಕ ಹಿಡಿದು ಕೂತರೆ ಒಂದು ಪುಟ ಮುಗಿಯುವುದಿಲ್ಲ, ಕಣ್ಣು ಮುಚ್ಚಿದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ಓಣಿಗೆ ಓಣಿಯೇ ಬಂದು ಹಣೆ ಮುಟ್ಟಿ ನೋಡುತ್ತದೆ.

ಹೀಗಿರುವಾಗ ಹೈದರಾಬಾದಿನಿಂದ ಹೊರಡುವ ಒಂದು ಪ್ಯಾಕೇಜ್ ಟೂರಿನಲ್ಲಿ ನಾನೂ ನಮ್ಮವರೂ ಥಾಯ್ಲೆಂಡಿಗೆ ಹೋಗಿಬಂದೆವು. ಆ ದೇಶದಲ್ಲಿ ಏನೇನು ನೋಡಿದೆ ಎಂದು ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ದೇವಸ್ಥಾನಗಳು ಒಂದರೊಳಗೊಂದು ಕಲಸಿಹೋಗಿವೆ. ನೆನಪಿರುವುದು ಒಂದೇ ಮಧ್ಯಾಹ್ನ. ಉತ್ತರದ ಕಡೆಯ ಒಂದು ಸಣ್ಣ ಊರಿನಲ್ಲಿ ಎಲ್ಲರೂ ಆನೆ ನೋಡಲು ಹೋದರು, ನಾನು ಕಾಲು ನೋವೆಂದು ಉಳಿದುಕೊಂಡೆ. ನಾವು ಇಳಿದಿದ್ದ ಮನೆಯ ಮುಂದೆ ಒಂದು ಕಟ್ಟಿಗೆಯ ಪಡಸಾಲೆ. ಮನೆಯ ಒಡತಿ ಚಹಾ ತಂದಿಟ್ಟು, ಕೈ ಮುಗಿದು ನಕ್ಕು ಹೋದಳು. ಆಮೇಲೆ ಸಂಜೆಯವರೆಗೆ ಯಾರೂ ಬರಲಿಲ್ಲ. ನಾನು ಏನು ಮಾಡುತ್ತಿದ್ದೇನೆ, ಏನು ಅಡುಗೆ, ಯಾಕೆ ಸುಮ್ಮನೆ ಕೂತಿದ್ದೇನೆ ಎಂದು ಯಾರೂ ಕೇಳಲಿಲ್ಲ. ಚಹಾ ಆರಿ ತಣ್ಣಗಾದರೂ ಯಾರೂ ಬೈಯಲಿಲ್ಲ. ಹುಟ್ಟಿದಾಗಿನಿಂದ ಅಂಥ ಮಧ್ಯಾಹ್ನವನ್ನು ನಾನು ಕಂಡಿರಲಿಲ್ಲ. ಸಾಯುವುದರೊಳಗೆ ಒಂದು ವರ್ಷ ಪೂರ್ತಿ ಹೀಗೆ ಕೂರಬೇಕು ಎಂದು ಆ ಪಡಸಾಲೆಯ ಮೇಲೆ ಕೂತೇ ತೀರ್ಮಾನಿಸಿದೆ.

ಊರಿಗೆ ಬಂದವಳು ಜಗತ್ ಸರ್ಕಲ್ ಹತ್ತಿರ ಟ್ರಾವೆಲ್ಸ್ ಅಂಗಡಿ ಇಟ್ಟಿರುವ ಖಲೀಲ್ ಭಾಯ್ ಬಳಿ ಹೋದೆ. ಅವರು ಜನರನ್ನು ಹೆಚ್ಚಾಗಿ ಉಮ್ರಾಕ್ಕೆ, ದುಬೈಗೆ ಕಳಿಸುವವರು. ಥಾಯ್ಲೆಂಡಿನಲ್ಲಿ ವರ್ಷಗಟ್ಟಲೆ ಇರಲು ಹೊರಟ ಶಹಾಬಜಾರದ ಹೆಣ್ಣುಮಗಳನ್ನು ಅವರು ಮೊದಲ ಸಲ ನೋಡುತ್ತಿದ್ದರು. ಆದರೂ 'ಆಗಂಗಿಲ್ಲ' ಎಂಬ ಮಾತು ಅವರ ಅಂಗಡಿಯಲ್ಲಿಲ್ಲ. ಕಂಪ್ಯೂಟರ್ ನೋಡಿ ಹೇಳಿದರು: 'ಅಮ್ಮಾ, ಲಾಂಗ್ ಸ್ಟೇ ಅಂತ ಒಂದು ವೀಸಾ ಅದರಿ. ಐವತ್ತು ದಾಟಿರಬೇಕು. ಬ್ಯಾಂಕಿನಾಗ ಇಡುಗಂಟು ತೋರಸಬೇಕು, ಪೊಲೀಸ್ ಕಾಗದ ಬೇಕು, ಡಾಕ್ಟರ್ ಕಾಗದ ಬೇಕು, ವಿಮಾ ಬೇಕು. ಒಂದು ವರ್ಷ ಆರಾಮ ಇರ್ರಿ. ಮೂರು ತಿಂಗಳಿಗೊಮ್ಮೆ ಅಲ್ಲಿ ಆಫೀಸಿಗಿ ಹೋಗಿ, ಇನ್ನೂ ಇಲ್ಲೇ ಅದೀನಿ ಅಂತ ಹೇಳಿ ಬಂದ್ರ ಆಯ್ತು.' ಪಿಂಚಣಿ ವಿಭಾಗದವಳಿಗೆ ಇದು ಹೊಸದೇನಲ್ಲ. ನನಗೆ ಹೊಸದಾಗಿ ಕಂಡದ್ದು ಇನ್ನೊಂದು. ನಮ್ಮವರು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು, ಪಿಂಚಣಿ ಇಲ್ಲ. ಇಡುಗಂಟು ನನ್ನ ನಿವೃತ್ತಿಯದು. ಹಾಗಾಗಿ ಅರ್ಜಿಯಲ್ಲಿ ನಾನು ಮುಖ್ಯ ಅರ್ಜಿದಾರಳು, ಅವರು ನನ್ನ ಅವಲಂಬಿತರು. ರೇಷನ್ ಕಾರ್ಡಿನಲ್ಲಿ ಇಷ್ಟು ವರ್ಷ ಕುಟುಂಬದ ಮುಖ್ಯಸ್ಥರಾಗಿದ್ದವರು ಆ ಸಾಲನ್ನು ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆವತ್ತು ಮನೆಗೆ ಬರುವಾಗ ಆಟೋದಲ್ಲೂ ಅದನ್ನು ತೆಗೆದು ನೋಡಿದರು. ನಾನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕೆ.

ಡಾಕ್ಟರ್ ಕಾಗದದ ಕಥೆ ಬೇರೆ. ನನಗೆ ಕುಷ್ಠವಿಲ್ಲ, ಕ್ಷಯವಿಲ್ಲ, ಆನೆಕಾಲು ಇಲ್ಲ, ಅಮಲು ಪದಾರ್ಥದ ಚಟವಿಲ್ಲ, ಹಾಗೂ ಮರ್ಯಾದಸ್ಥರು ಬಾಯಲ್ಲಿ ಹೆಸರು ಹೇಳದ ಇನ್ನೊಂದು ರೋಗ, ಅದೂ ಮೂರನೆಯ ಹಂತದ್ದು, ಇಲ್ಲ ಎಂದು ಅವರು ಬರೆದುಕೊಡಬೇಕು. ನಮ್ಮ ಡಾಕ್ಟರರು ನನ್ನ ಕಣ್ಣ ಮುಂದೆಯೇ ಬೆಳೆದವರು. ಅವರು ಕಾಗದ ಓದಿ ಕಿವಿ ಕೆಂಪಗೆ ಮಾಡಿಕೊಂಡು, 'ಮೂರನೇ ಹಂತದ್ದು ಇರಬಾರದು ಅಂದ್ರ ಎರಡನೇದು ನಡೀತದೇನ್ರೀ ಅಕ್ಕಾ?' ಎಂದು ಕೇಳಿದರು. ನಮ್ಮವರು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಂತೂ ನಾವಿಬ್ಬರೂ ಸಭ್ಯರು ಎಂದು ಸರಕಾರಿ ಮೊಹರಿನೊಂದಿಗೆ ಸಾಬೀತಾಯಿತು.

ಇಲ್ಲಿಯವರೆಗೆ ವಿಷಯ ನಮ್ಮಿಬ್ಬರೊಳಗೇ ಇತ್ತು. ಕೆಡಿಸಿದ್ದು ಪೊಲೀಸ್ ಕಾಗದ. ನಮ್ಮ ನಡತೆ ಹೇಗಿದೆ ಎಂದು ವಿಚಾರಿಸಲು ಒಬ್ಬ ಕಾನ್‌ಸ್ಟೆಬಲ್ ಓಣಿಗೆ ಬಂದರು. ನಾವು ಮನೆಯಲ್ಲಿರಲಿಲ್ಲ. ಪೊಲೀಸರು ಮನೆ ಹುಡುಕಿಕೊಂಡು ಬರುವುದೆಂದರೇನು ಎಂದು ಕಾಕುಗೆ ಎದೆ ಝಲ್ ಎಂದಿರಬೇಕು. ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ನಾನು ಮದುವೆಯಾಗಿ ಈ ಓಣಿಗೆ ಬಂದ ದಿನದಿಂದ ಶುರುಮಾಡಿದ್ದಾರೆ. 'ಭಾಳ ಚಲೋ ಹೆಣ್ಣಮಗಳು. ಒಂದು ಉಪ್ಪು ಹೆಚ್ಚು ಹಾಕ್ತಾಳ, ಅಷ್ಟ ಬಿಟ್ರ ಮತ್ತ ಏನಿಲ್ಲ. ಏನ್ ತಪ್ಪು ಮಾಡ್ಯಾಳಪಾ?' ಎಂದು ಕೇಳಿದಾಗ ಆ ಕಾನ್‌ಸ್ಟೆಬಲ್ ಪಾಪ, 'ತಪ್ಪಿಲ್ಲ ಅಜ್ಜಿ, ಒಂದು ವರ್ಷ ಥಾಯ್ಲೆಂಡಿನಾಗ ಇರ್ಲಾಕ ಹೊಂಟಾರ' ಎಂದು ಹೇಳಿ ಸಕ್ಕರೆ ಜಾಸ್ತಿಯಾದ ಚಹಾ ಕುಡಿದು ಹೋಗಿದ್ದಾರೆ.

ಸಂಜೆ ಮನೆಗೆ ಬಂದಾಗ ಕಾಕು ಜಗಲಿಯ ಮೇಲೆ ಕೂತಿದ್ದರು. ನನಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, 'ನಾಳಿ ನಮ್ಮಲ್ಲಿ ಊಟಕ್ಕ ಬರ್ರಿ ಇಬ್ಬರೂ' ಎಂದಷ್ಟೇ ಹೇಳಿದರು. ಆ ಒಂದು ಊಟದಿಂದ ಎಲ್ಲ ಶುರುವಾಯಿತು. ಇನ್ನೂ ವೀಸಾ ಬಂದಿಲ್ಲ ಕಾಕು, ಆಮೇಲೆ ನೋಡೋಣ ಎಂದು ನಾನು ಹೇಳಿದೆ. ಬರುವ ನೆಂಟರಿಗೆ ಬಾಗಿಲು ತೆರೆಯಬೇಕೇ ಬೇಡವೇ ಎಂದು ಯಾವುದೋ ದೇಶ ತಿಂಗಳುಗಟ್ಟಲೆ ಯೋಚನೆ ಮಾಡುತ್ತದೆ ಎಂಬುದು ಆ ಹಿರಿಯ ಜೀವದ ಕಲ್ಪನೆಗೆ ಸಿಗುವಂಥದ್ದಲ್ಲ. ಕಾಕು ಮನೆಯಲ್ಲಿ ಉಂಡ ಮೇಲೆ ಅವರ ಪಕ್ಕದವರು ಬಿಡುತ್ತಾರೆಯೇ, ಅವರು ಕರೆದ ಮೇಲೆ ಎದುರಿನವರು ಸುಮ್ಮನಿರುತ್ತಾರೆಯೇ. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮತ್ತೆ ಹೂರಣದ ಹೋಳಿಗೆ. ಪ್ರತಿ ಮನೆಯಲ್ಲೂ ಉಡಿ. ಕುಪ್ಪಸದ ಖಣಗಳು ಕಪಾಟಿನಲ್ಲಿ ಹಿಡಿಸದೆ ಟ್ರಂಕಿಗೆ ಹೋದವು. ಯಾರು ಯಾವ ಖಣ ಕೊಟ್ಟರು ಎಂಬುದನ್ನು ನೆನಪಿಡಬೇಕಾದದ್ದು ಹೆಂಗಸರ ಧರ್ಮ. ಕೊಟ್ಟವರಿಗೇ ಅದನ್ನು ತಿರುಗಿ ಕೊಟ್ಟರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹಸಿರು ಖಣವೇ ನಾಲ್ಕು ಮನೆಯಿಂದ ಬಂದಾಗ ನನ್ನ ನೆನಪು ಕೈಕೊಟ್ಟಿತು.

ರಾಬಿಯಾ ಆಪಾ ಬಿರಿಯಾನಿ ಮಾಡುವವರು, ನಮ್ಮದು ಸಸ್ಯಾಹಾರ. ಆದ್ದರಿಂದ ನಮಗಾಗಿ ಬೇರೆ ಪಾತ್ರೆಯಲ್ಲಿ ಖುಬಾನಿ ಎಂಬ ಒಣಹಣ್ಣಿನ ಸಿಹಿ ಮಾಡಿ ತಂದರು. ತಿಂದಾದ ಮೇಲೆ ನನ್ನ ಬಲ ರಟ್ಟೆಗೆ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಗಂಟು ಹಾಕಿದರು. ದೂರ ಹೊರಟವರಿಗೆ ಅವರಲ್ಲಿ ಕಟ್ಟುವ ಇಮಾಮ್ ಜಾಮಿನ್ ಅದು, ದಾರಿಯಲ್ಲಿ ಕಾಪಾಡಲಿ ಎಂದು. 'ನಡುವೆ ಬಿಚ್ಚಬ್ಯಾಡ್ರಿ ಬಹೆನ್. ಎಲ್ಲಿ ಹೋಗಿ ಮುಟ್ಟಬೇಕೋ ಅಲ್ಲಿ ಮುಟ್ಟಿದ ಮ್ಯಾಲ ಬಿಚ್ಚಿ, ಪೈಸಾ ಒಬ್ಬ ಗರೀಬರಿಗೆ ಕೊಡಬೇಕು' ಎಂದರು. ಅಷ್ಟು ಹೇಳಿ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದರು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಆ ಪಡಸಾಲೆ, ಆ ತಣ್ಣಗಾದ ಚಹಾ ಹಾಗೇ ಕೂತಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಹೊರಡುವ ದಿನವನ್ನು ನಿಗದಿ ಮಾಡಿದ್ದು ಥಾಯ್ಲೆಂಡಿನವರೂ ಅಲ್ಲ, ನಾವೂ ಅಲ್ಲ. ಕಾಕು ಪಂಚಾಂಗ ತೋರಿಸಿಕೊಂಡು ಬಂದು, 'ಗುರುವಾರ ಮುಂಜಾನಿ ಚಲೋ ಅದ. ಅದು ಬಿಟ್ರ ಮುಂದ ಅಮಾಸಿ ಬರ್ತದ' ಎಂದು ಸಾರಿಬಿಟ್ಟರು. ಅಷ್ಟರೊಳಗೆ ವೀಸಾ ಬಂದೇ ಬರುತ್ತದೆ ಎಂದು ಖಲೀಲ್ ಭಾಯ್ ಧೈರ್ಯ ಕೊಟ್ಟಿದ್ದರು. ಬುಧವಾರ ಸಂಜೆ ಅವರ ಫೋನು ಬಂತು. 'ಅಮ್ಮಾ, ಕಾಗದ ತಿರುಗಿ ಬಂದಾವ. ಮನಿ ಸಾಹೇಬ್ರು ನಿಮ್ಮ ಶೋಹರ್ ಅನ್ನೋದಕ್ಕ ವೀಸಾ ಆಫೀಸಿನವ್ರು ಸರ್ಟಿಫಿಕೇಟ್ ಕೇಳ್ಯಾರ.' ನಾನು ನಮ್ಮವರ ಮುಖ ನೋಡಿದೆ. ಇವರು ನನ್ನ ಗಂಡ ಎಂಬುದಕ್ಕೆ ಇಷ್ಟು ವರ್ಷ ಯಾರೂ ಸಾಕ್ಷಿ ಕೇಳಿರಲಿಲ್ಲ. ನನಗೇ ಒಂದೊಂದು ಸಲ ಬೇಕೆನಿಸಿದ್ದುಂಟು, ಅದು ಬೇರೆ. ನಮ್ಮ ಮದುವೆ ನನ್ನ ತವರಾದ ಕಮಲಾಪುರದಲ್ಲಿ, ಮನೆ ಮುಂದಿನ ಹಂದರದಲ್ಲಿ ಆದದ್ದು. ಅಕ್ಕಿಕಾಳು ಹಾಕಿದವರು ಊರು ತುಂಬ ಇದ್ದರು, ಕಾಗದ ಮಾತ್ರ ಇರಲಿಲ್ಲ.

ಗುರುವಾರ ಬೆಳಗ್ಗೆ ಓಣಿಯವರಿಗೆ ನಿಜ ಹೇಳಿಬಿಡೋಣ ಎಂದು ನಾನು ಬಾಗಿಲು ತೆರೆದೆ. ಹೊರಗೆ ಎಲ್ಲರೂ ಬಂದು ನಿಂತಿದ್ದರು. ಕಾಕು ಕಾಯಿ ಒಡೆದಾಗಿತ್ತು. ಆಟೋ ಬಂದಿತ್ತು, ಅದಕ್ಕೂ ಯಾರೋ ಹಾರ ಹಾಕಿದ್ದರು. 'ಕಾಕು, ಒಂದು ಮಾತು' ಎಂದೆ. ಅವರು ನನ್ನನ್ನು ತಬ್ಬಿಕೊಂಡು ಹೋ ಎಂದು ಅತ್ತರು. ನಿಮಗಾಗಿ ಒಬ್ಬರು ಹಾಗೆ ಅಳುತ್ತಿರುವಾಗ, ನಾನು ಹೋಗುತ್ತಿಲ್ಲ ಎಂದು ಹೇಳುವುದು ಹೇಗೆ? ಹೇಳಲು ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು 'ಹೋಗಿ ಬರ್ತೀನ್ರಿ ಕಾಕು' ಎಂದು. ಆಟೋ ಓಣಿ ದಾಟಿ ಸ್ಟೇಶನ್ ಬಜಾರದ ಕಡೆ ತಿರುಗಿತು. ಚಾಲಕ ಹಿಂದೆ ತಿರುಗಿ ನೋಡಿ, 'ಸ್ಟೇಶನ್ನಿಗಿ ಹೌದಿಲ್ಲೋ?' ಎಂದ. ನಮ್ಮವರು ಗಂಟಲು ಸರಿಮಾಡಿಕೊಂಡು, 'ಅಲ್ಲಪಾ, ಬಸ್ ಸ್ಟ್ಯಾಂಡಿಗಿ ಬಿಡು. ಕಮಲಾಪುರಕ್ಕ ಹೋಗಬೇಕು' ಎಂದರು.

ತವರಿನಲ್ಲಿ ನನ್ನ ತಮ್ಮ ಶಿವಾನಂದ, ಅವನ ಹೆಂಡತಿ ಕಾಶಿಬಾಯಿ ಇದ್ದಾರೆ. ಮನೆ ಹಿಂದೆ ಕೆಂಪು ಬಾಳೆಯ ತೋಟ. ಹುಟ್ಟಿ ಬೆಳೆದ ಮನೆಗೆ ಯಾರ ಅಪ್ಪಣೆ ಬೇಕು ಎಂದು ನೀವು ಕೇಳಬಹುದು. ಮದುವೆಯಾದ ದಿನವೇ ಹೆಣ್ಣುಮಗಳು ಆ ದೇಶದ ಪೌರತ್ವ ಕಳೆದುಕೊಳ್ಳುತ್ತಾಳೆ ಎಂಬುದನ್ನು ಗಂಡಸರಿಗೆ ತಿಳಿಸಿ ಹೇಳುವುದು ಕಷ್ಟ. ಬಸ್ ಇಳಿಯುತ್ತಿದ್ದಂತೆ ಗುರುತಿನವರು ಕೇಳುವ ಪ್ರಶ್ನೆಗಳು ಎರಡೇ: 'ಯಾವಾಗ ಬಂದಿ? ಎಷ್ಟು ದಿನ ಇರ್ತಿ?' ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ನನ್ನನ್ನು ಕೇಳಿದ್ದೂ ಇದರಲ್ಲಿ ಎರಡನೆಯದನ್ನೇ. ಮೊದಲ ವಾರ ನಾನು ಅಡುಗೆಮನೆಗೆ ಕಾಲಿಡದಂತೆ ಕಾಶಿಬಾಯಿ ನೋಡಿಕೊಂಡಳು, ಊಟಕ್ಕೆ ದಿನಾ ಸಿಹಿ. ಎರಡನೆಯ ವಾರ ಸಿಹಿ ನಿಂತು ಬರೀ ರೊಟ್ಟಿ ಪಲ್ಯ ಬಂತು. ಆಮೇಲೊಂದು ದಿನ ಅವಳು ಸೊಪ್ಪಿನ ಕಟ್ಟನ್ನು ನನ್ನ ಮುಂದೆ ಇಟ್ಟು, 'ಅಕ್ಕಾರ, ಇಷ್ಟು ಸೋಸಿ ಕೊಡ್ರಿ' ಎಂದಳು. ಪ್ರವಾಸಿಯ ವೀಸಾ ಮುಗಿದು ದುಡಿಯುವವರ ವೀಸಾ ಶುರುವಾದದ್ದು ನನಗೆ ಗೊತ್ತಾಯಿತು.

ಮದುವೆ ನೋಂದಣಿಯ ಕೆಲಸ ಬೇಗ ಮುಗಿಯಲಿಲ್ಲ. ಕಚೇರಿಯ ಗುಮಾಸ್ತರು ಮದುವೆಯ ಫೋಟೋ ಕೇಳಿದರು. ಇದ್ದದ್ದು ಒಂದೇ. ಅದರಲ್ಲಿ ನಮ್ಮವರ ಹಣೆಗೆ ಬಾಸಿಂಗ, ತಲೆಗೆ ರುಮಾಲು, ಕೊರಳಿಂದ ಮೂಗಿನವರೆಗೆ ಹೂವಿನ ಹಾರ. ಕಾಣುವುದು ಎರಡು ಗಾಬರಿಯಾದ ಕಣ್ಣು ಮಾತ್ರ. ಗುಮಾಸ್ತರು ಫೋಟೋವನ್ನೂ ಇವರನ್ನೂ ನೋಡಿ, 'ಇವರು ಅವರೇ ಅಂತ ಹ್ಯಾಂಗ ಹೇಳೂದ್ರಿ?' ಎಂದರು. ಶಿವಾನಂದ ಮುಂದೆ ಬಂದು, 'ಕಣ್ಣು ನೋಡ್ರಿ ಸಾಹೇಬ್ರ. ನಮ್ಮ ಮಾಮಾ ಇವತ್ತಿಗೂ ಅಕ್ಕನ ಮುಂದ ಹಂಗೇ ನೋಡ್ತಾರ' ಎಂದ. ಅದೇ ಗುರುತು ಸಾಕಾಯಿತು. ಹೊಸದಾಗಿ ಜೋಡಿ ಫೋಟೋ ತೆಗೆಸಬೇಕೆಂದರು. ಫೋಟೋ ಅಂಗಡಿಯಲ್ಲಿ ಈ ವಯಸ್ಸಿಗೆ ನಾವಿಬ್ಬರೂ ಒತ್ತಿ ಕೂತೆವು. ಅಚ್ಚಾಗಿ ಬಂದಾಗ ನನ್ನ ರಟ್ಟೆಯ ಹಸಿರು ಗಂಟು ಎದ್ದು ಕಾಣುತ್ತಿತ್ತು. ಗುಮಾಸ್ತರು ಅದನ್ನು ನೋಡಿ, 'ಎಲ್ಲಿಗಿ ಹೊಂಟೀರಿ ಅಮ್ಮಾ?' ಎಂದು ಕೇಳಿದರು.

ಈ ನಡುವೆ ಕಾಕು ಫೋನ್ ಮಾಡುತ್ತಿದ್ದರು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಆದ್ದರಿಂದ ನಿಜವನ್ನೇ ಆರಿಸಿ ಆರಿಸಿ ಹೇಳುತ್ತಿದ್ದೆ. 'ಅಲ್ಲಿ ಹ್ಯಾಂಗ ಅದವ್ವಾ?' 'ಬಿಸಿಲು ಅದರಿ ಕಾಕು. ಎಲ್ಲಿ ನೋಡಿದ್ರೂ ಬಾಳಿತೋಟ.' 'ಬಾಳಿಹಣ್ಣು ಹ್ಯಾಂಗಿರ್ತಾವ ಅಲ್ಲಿ?' 'ಕೆಂಪಗಿರ್ತಾವ.' 'ಮಂದಿ?' 'ಮಂದಿ ಚಲೋ ಅದಾರ. ಬರೇ ಯಾವಾಗ ಹೋಗ್ತೀರಿ ಅಂತ ಕೇಳ್ತಾರ.' ಒಂದು ದಿನ ರಸ್ತೆ ಬದಿ ನಿಂತು ಮಾತಾಡುತ್ತಿದ್ದೆ. ಬಸ್ಸೊಂದು ಬಂದು ನಿಂತು, ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು 'ಗುಲಬರ್ಗಾ, ಗುಲಬರ್ಗಾ' ಎಂದು ಕೂಗಿದ. ಆ ಕಡೆಯಿಂದ ಕಾಕು ನಿಧಾನಕ್ಕೆ, 'ಅಲ್ಲೀತನಾ ನಮ್ಮ ಬಸ್ ಬಿಟ್ಟಾರೇನು? ಚಲೋ ಆತು ಬಿಡು' ಎಂದು ಫೋನ್ ಇಟ್ಟರು. ನಾನು ಬಚಾವಾದೆ ಎಂದುಕೊಂಡೆ. ಸರಕಾರಿ ನೌಕರಿಯಲ್ಲಿ ಇಷ್ಟು ವರ್ಷ ಕಳೆದವಳ ಬುದ್ಧಿ ನೋಡಿ.

ಮದುವೆಯ ಪತ್ರ ಕೈಗೆ ಬಂದು, ಖಲೀಲ್ ಭಾಯ್ ಅದನ್ನು ಕಳಿಸಿಯೂ ಆಯಿತು. ವೀಸಾ ಬರುವತನಕ ಇಲ್ಲೇ ಇರೋಣ ಎಂದು ನಾನು ಅಂದುಕೊಂಡಿದ್ದೆ. ಒಂದು ಶುಕ್ರವಾರ ಕಾಶಿಬಾಯಿ ತಲೆ ಮೇಲೆ ಸೆರಗು ಹೊದ್ದು, ತಟ್ಟೆಯಲ್ಲಿ ಅಕ್ಕಿ ಕೊಬ್ಬರಿ ಹಿಡಿದು ಬಂದಳು. 'ಬರ್ರಿ ಅಕ್ಕಾರ, ಉಡಿ ತುಂಬ್ತೀನಿ' ಎಂದಳು. ನಮ್ಮಲ್ಲಿ ಉಡಿ ತುಂಬಿದರೆ ಹೊರಡಬೇಕು. ಇದಕ್ಕಿಂತ ಮರ್ಯಾದೆಯಾಗಿ ಯಾವ ದೇಶವೂ ಯಾರನ್ನೂ ಹೊರಗೆ ಹಾಕುವುದಿಲ್ಲ. ತಟ್ಟೆಯಲ್ಲಿದ್ದ ಹಸಿರು ಖಣ ಎಲ್ಲೋ ನೋಡಿದಂತಿತ್ತು. ಬಂದ ದಿನ ನಾನೇ ಮನೆಯ ಟ್ರಂಕಿನಿಂದ ತಂದು ಅವಳಿಗೆ ಕೊಟ್ಟದ್ದು ಅದು. ಇಬ್ಬರಿಗೂ ಗೊತ್ತಾಯಿತು. ನಾನು ಸೆರಗೊಡ್ಡಿದೆ, ಅವಳು ಅದನ್ನೇ ಉಡಿಗೆ ಹಾಕಿದಳು.

ಎಲ್ಲರೂ ಮಲಗುವ ಮಧ್ಯಾಹ್ನದ ಹೊತ್ತು ನೋಡಿಕೊಂಡು ನಾವು ಶಹಾಬಜಾರಕ್ಕೆ ಮರಳಿದೆವು. ಬೀಗ ತೆಗೆದು, ಬಾಗಿಲು ಮುಂದೆ ಮಾಡಿ, ನಾನು ಕಾಕು ಬರುವುದನ್ನೇ ಕಾಯುತ್ತ ಕೂತೆ. ಏನೇನು ಹೇಳಬೇಕು ಎಂದು ಬಸ್ಸಿನಲ್ಲೇ ಕೂಡಿಸಿಟ್ಟುಕೊಂಡಿದ್ದೆ. ಯಾರೂ ಬರಲಿಲ್ಲ. ಸಂಜೆ ಕಾಕು ನಮ್ಮ ಬಾಗಿಲ ಮುಂದೆಯೇ ಹಾದುಹೋದರು. ದೃಷ್ಟಿ ನೆಲದ ಮೇಲೆ, ಬಾಯಲ್ಲಿ ವಚನ. ಆಪಾ ಎದುರಿನ ಕಿಟಕಿಯ ಪರದೆ ಎಳೆದುಕೊಂಡಿದ್ದರು. ನಮ್ಮವರು ಅಂಗಡಿಗೆ ಹೋದರೆ ಅಂಗಡಿಯವನು ಏನೊಂದೂ ಕೇಳದೆ ಸಾಮಾನು ಕಟ್ಟಿಕೊಟ್ಟನಂತೆ. ಮರುದಿನ ಮಧ್ಯಾಹ್ನ ನಾನು ಚಹಾ ಮಾಡಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತೆ. ಸಂಜೆಯವರೆಗೆ ಒಬ್ಬರೂ ಮಾತಾಡಿಸಲಿಲ್ಲ. ಚಹಾ ತಣ್ಣಗಾಯಿತು. ಎಲ್ಲ ಆ ಪಡಸಾಲೆಯ ಹಾಗೆಯೇ ಇತ್ತು, ವೀಸಾ ಇಲ್ಲದೆಯೇ. ಅದರ ಮರುದಿನ ನಾನು ಬೇಕೆಂದೇ ಪಾತ್ರೆಗಳನ್ನು ಜೋರಾಗಿ ಕುಕ್ಕಿದೆ. ಒಗ್ಗರಣೆಗೆ ಖಾರ ಹೆಚ್ಚು ಹಾಕಿ ಓಣಿಗೆಲ್ಲ ಘಾಟು ಹಬ್ಬಿಸಿದೆ. ಮುಚ್ಚಳ ತೆಗೆದು ನೋಡಲು ಯಾರೂ ಬರಲಿಲ್ಲ. ನಮ್ಮವರು ಪೇಪರ್ ಹಿಂದಿನಿಂದ, 'ನಿನಗ ಬೇಕಾದ್ದು ಸಿಕ್ತಲ್ಲ, ಈಗ್ಯಾಕ ಒದ್ದಾಡ್ಲಾಕತ್ತಿ?' ಎಂದರು. ಅವಲಂಬಿತರಾದವರು ಆಡುವ ಮಾತಲ್ಲ ಅದು.

ತಡೆಯಲಾರದೆ ಖಲೀಲ್ ಭಾಯ್‌ಗೆ ಫೋನ್ ಮಾಡಿ ಅದೂ ಇದೂ ಮಾತಾಡುತ್ತ, ಓಣಿಯವರಿಗೇನಾದರೂ ಗೊತ್ತೇ ಎಂದು ಕೇಳಿದೆ. ಅವರು ಸಹಜವಾಗಿ, 'ಅವತ್ತು ಬುಧವಾರ ಸಂಜೀಕೇ ನಮ್ಮ ರಾಬಿಯಾ ಖಾಲಾಗ ಹೇಳಿದ್ದೆನ್ರಿ ಅಮ್ಮಾ' ಎಂದರು. ಆಪಾ ಅವರಿಗೆ ಚಿಕ್ಕಮ್ಮನಾಗಬೇಕು ಎಂದು ನನಗೆ ಆಗಲೇ ತಿಳಿದದ್ದು. 'ಖಾಲಾ ಎಲ್ಲರಿಗೂ ಹೇಳ್ಯಾಳ, ಬಹೆನ್‌ಗ ಶರ್ಮ್ ಆಗ್ತದ, ಯಾರೂ ಕೇಳಬ್ಯಾಡ್ರಿ ಅಂತ. ತಿರುಗಿ ಬಂದ್ರೂ ಅವ್ರಾಗೇ ಹೇಳೂತನಾ ನೋಡಿಲ್ಲ ಅನ್ನಂಗ ಇರ್ರಿ ಅಂತ.' ಫೋನ್ ಇಟ್ಟು ಒಂದೊಂದೇ ಹೊಂದಿಸಿ ನೋಡಿದೆ. ಗುರುವಾರ ಬೆಳಗ್ಗೆ ಹಾರ ಹಾಕಿದವರಿಗೆಲ್ಲ ಗೊತ್ತಿತ್ತು. ಕೆಂಪು ಬಾಳೆಹಣ್ಣಿನ ವಿಚಾರ ಕೇಳಿದಾಗಲೂ ಕಾಕುಗೆ ಗೊತ್ತಿತ್ತು. ನನಗೆ ಅವಮಾನವಾಗಬಾರದೆಂದು ಇಡೀ ಓಣಿ ನನ್ನನ್ನು ಥಾಯ್ಲೆಂಡಿನಲ್ಲಿಟ್ಟು ಕಾಪಾಡುತ್ತಿತ್ತು.

ಎದ್ದು ಕಾಕು ಮನೆಗೆ ಹೋದೆ. ಅವರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಳ್ಳು ಆರಿಸುತ್ತಿದ್ದರು. ತಲೆ ಎತ್ತದೆ, 'ಯಾರವ್ವಾ?' ಎಂದರು.

'ನಾನ್ರಿ ಕಾಕು, ಮಾದೇವಿ.'

'ಮಾದೇವಿ ಥಾಯ್ಲೆಂಡಿನಾಗ ಅದಾಳ.'

'ಬಂದೀನ್ರಿ.'

'ಯಾವಾಗ ಬಂದಿ?' ಎಂದು ಕಾಕು ಆಗ ತಲೆ ಎತ್ತಿದರು. 'ಎಷ್ಟು ದಿನ ಇರ್ತಿ?'

ಕಾಗದ, ಮೊಹರು, ಇಡುಗಂಟು ಏನೂ ಇಲ್ಲದೆ ನಾನು ಆ ಹೊಸ್ತಿಲಲ್ಲಿ ನಿಂತಿದ್ದೆ. ಒಗೆದ ಧೋತರ ಉಟ್ಟು ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದ ಮಾಸ್ತರರೆಲ್ಲ ಒಬ್ಬೊಬ್ಬರೇ ನೆನಪಾದರು. ಬದುಕಿದ್ದೇನೆ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿಕೊಳ್ಳುವ ಆಸೆ ಎಂಥದ್ದು ಎಂದು ಆಗ ತಿಳಿಯಿತು. ನಾನು ಕಾಕು ಪಕ್ಕದಲ್ಲಿ ಕೂತು ಮೊರಕ್ಕೆ ಕೈ ಹಾಕಿ, 'ನಿಮಗ ಎಲ್ಲಾ ಗೊತ್ತಿತ್ತಲ್ರೀ. ಮತ್ತ ಅವತ್ತು ಅಷ್ಟ್ಯಾಕ ಅತ್ರಿ?' ಎಂದು ಕೇಳಿದೆ.

ಕಾಕು ಒಂದು ಹಳ್ಳು ಆರಿಸಿ ಆಚೆ ಎಸೆದರು. 'ವೀಸಾ ಬರಲಿ ಬಿಡಲಿ. ನಿನಗ ಹೋಗಬೇಕು ಅನಿಸಿತ್ತಲ್ಲ, ಅದಕ್ಕ ಅತ್ತೆ' ಎಂದರು.

ಕಣ್ಣು ತುಂಬಿ ಬೇಳೆ ಯಾವುದು ಹಳ್ಳು ಯಾವುದು ಎಂದು ಕಾಣದಾಯಿತು. ಅಷ್ಟರಲ್ಲಿ ಕಿಟಕಿಯ ಪರದೆ ಸರಿದು ರಾಬಿಯಾ ಆಪಾ ಓಡುತ್ತ ಬಂದರು. ನನ್ನ ರಟ್ಟೆ ಹಿಡಿದು, 'ಕ್ಯಾ ಬಹೆನ್, ಮುಟ್ಟಿದ್ರೇನು?' ಎಂದು ಕೇಳಿದರು. ಮುಟ್ಟಿದೆ ಎಂದೆ. ಅವರು ಹಸಿರು ಗಂಟನ್ನು ಬಿಚ್ಚಿ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟರು, ಸಂಜೆ ಅದನ್ನು ಒಬ್ಬ ಬಡವನಿಗೆ ಕೊಟ್ಟು ಬಂದೆವು. ಅಂದು ರಾತ್ರಿಯ ಅಡುಗೆಗೆ ಉಪ್ಪು ಹೆಚ್ಚಾಗಿದೆ ಎಂದು ಕಾಕು ಮುಚ್ಚಳ ತೆಗೆದು ನೋಡಿಯೇ ಹೇಳಿದರು.

ಹೋದ ವಾರ ವೀಸಾ ಬಂತು. ಒಂದು ವರ್ಷದ್ದು, ಇಬ್ಬರದೂ. ಮಳೆಗಾಲ ಮುಗಿದ ಮೇಲೆ ಹೊರಡುವುದೆಂದು ನಮ್ಮವರು ಹೇಳುತ್ತಾರೆ, ಯಾವ ಗುರುವಾರ ಎಂಬುದನ್ನು ಕಾಕು ಹೇಳಬೇಕು. ಅಲ್ಲಿಯ ಸರಕಾರಕ್ಕೆ ಮೂರು ತಿಂಗಳಿಗೊಮ್ಮೆ ವರದಿ ಕೊಟ್ಟರೆ ಸಾಕು, ತನಗೆ ಮಾತ್ರ ದಿನಾ ಸಂಜೆ ಕೊಡಬೇಕು ಎಂದು ಅವರು ಷರತ್ತು ಹಾಕಿದ್ದಾರೆ. ನಾನು ಒಪ್ಪಿಕೊಂಡಿದ್ದೇನೆ. ಇವತ್ತು ಕಾಕು ಮಗಳ ಮನೆಗೆ ಹೋಗಿದ್ದಾರೆ, ಆಪಾ ಮನೆಯಲ್ಲಿ ನೆಂಟರು ಬಂದಿದ್ದಾರೆ, ನಮ್ಮವರು ಮಲಗಿದ್ದಾರೆ. ಊಟವಾದಾಗಿನಿಂದ ಯಾರೂ ಬಂದಿಲ್ಲ. ಇಂಥ ಮಧ್ಯಾಹ್ನ ಬೇಕೆಂದೇ ಇಷ್ಟೆಲ್ಲ ಮಾಡಿದೆನಲ್ಲ, ಕೂತು ನೆಮ್ಮದಿಯಾಗಿ ಬರೆಯೋಣ ಎಂದು ಇದನ್ನು ಬರೆಯುತ್ತಿದ್ದೇನೆ. ನಡುವೆ ಎರಡು ಸಲ ಎದ್ದು, ಬಾಗಿಲಿಗೆ ಎಲ್ಲಾದರೂ ಚಿಲಕ ಬಿದ್ದಿದೆಯೇನೋ ಎಂದು ನೋಡಿ ಬಂದೆ.